ದೊಡ್ಡಪ್ಪ, ಕಾವ್ಯಾ ಸುಮ್ಮನೆ ಬಿಟ್ಟು ಬರುವುದು ಬೇಡ

ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಉದ್ದ ಆಗುತ್ತೆ. ನಿನ್ನೆ ರಾತ್ರಿ ಕಾವ್ಯಾ ಅಳುತ್ತಾ ಹೇಳಿದ್ದನ್ನು ಎರಡು ಸಲ ಕೇಳಿದೆ. ಕೋರಮಂಗಲದ ಆ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವನು, ಇವಳು ತಟ್ಟೆ ತರಲು ಹೋದಾಗಲೆಲ್ಲ ಸೊಂಟ ಮುಟ್ಟುತ್ತಾನೆ. ಕೈ ತೆಗಿ ಅಂದಿದ್ದಕ್ಕೆ ಬಿಸಿ ಸೌಟು ಎಸೆದಿದ್ದಾನೆ. ಅದಕ್ಕೆ ನೀವು "ಹೋಟೆಲ್ ಕೆಲಸ ಅಂದ್ರೆ ಹಂಗೇ ಕಣಮ್ಮ, ರಂಪ ಮಾಡದೆ ಬಿಟ್ಟು ಬಾ" ಅಂದಿರಿ. ಮಗಳ ಮೇಲಿನ ಕಾಳಜಿಗೇ ಹೇಳಿದ್ದೀರಿ, ಗೊತ್ತು. ಆದರೆ ಆ "ಹಂಗೇ" ಕೇಳಿ ನನಗೆ ನಿದ್ದೆ ಬರಲಿಲ್ಲ.

ಗಾಂಧಿಬಜಾರ್ ಹತ್ತಿರ ಆರು ವರ್ಷ ಗಲ್ಲಾದಲ್ಲಿ ಕೂತವಳು ನಾನು. ಅಲ್ಲೊಬ್ಬ ಕ್ಲೀನರ್ ಹುಡುಗ ಇದ್ದ, ಹಾಸನದ ಕಡೆಯವನು. ಲೋಟ ಒಡೆದ ಅಂತ ಭಟ್ಟರು ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದರು. "ರಶ್ ಟೈಮು, ತಲೆ ಬಿಸಿ ಇರುತ್ತೆ" ಅಂದರು ಮಾಲೀಕರು. ನಾನೂ ಬಿಲ್ ಹರಿಯುತ್ತಾ ಕೂತೆ. ಹುಡುಗ ಮಲಗುತ್ತಿದ್ದದ್ದು ಹೋಟೆಲಿನ ಮೇಲಿನ ರೂಮಿನಲ್ಲಿ, ಊಟವೂ ಅಲ್ಲೇ. ಕೆಲಸ ಹೋದರೆ ಆ ರಾತ್ರಿಯೇ ಬೀದಿ. ಬಾಯಿ ಬಿಡೋದು ಹೇಗೆ? ಒಲೆ ಮುಂದೆ ತಲೆ ಬಿಸಿ ಆಗೋದು ನಿಜ ದೊಡ್ಡಪ್ಪ. ಆದರೆ ಅದೇ ಭಟ್ಟರು ಆ ಆರು ವರ್ಷದಲ್ಲಿ ಒಂದು ದಿನವೂ ಮಾಲೀಕರ ಮೇಲೆ ಕೈ ಎತ್ತಲಿಲ್ಲ.

ಕಾವ್ಯಾ, ಈಗ ನಿನಗೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನು ನಿನ್ನ ಪರ ಇದೆ. ಟ್ರೈನಿ, ದಿನಗೂಲಿ, ಕಾಂಟ್ರ್ಯಾಕ್ಟ್, ಎಲ್ಲರಿಗೂ ಅದು ಅನ್ವಯ. ಹತ್ತು ಜನ ಕೆಲಸಕ್ಕಿದ್ದರೆ ಒಳಗೇ ಒಂದು ದೂರು ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಹೊರಗಿನವರೊಬ್ಬರು ಇರಬೇಕು. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಅಥವಾ ತಪ್ಪು ಮಾಲೀಕನದ್ದೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಟೇಬಲಿಗೆ ಬರೋ ಗಿರಾಕಿಗಳು ಕಾಟ ಕೊಟ್ಟರೂ ತಡೆಯೋದು ಮಾಲೀಕನ ಜವಾಬ್ದಾರಿಯೇ.

ಆದರೆ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅದನ್ನು ನಂಬಿ ಕೂರಬೇಡ. ಅದಕ್ಕೇ ದೊಡ್ಡಪ್ಪ, ಸುಮ್ನೆ ಬಿಟ್ಟು ಬಾ ಅನ್ನಬೇಡಿ ಅಂತ ನಾನು ಹೇಳೋದು. ಇವಳು ಊರಿಗೆ ಬಂದು ಕೂತರೆ ದಿನ ಕಳೆಯುತ್ತೆ, ಜೊತೆಯವರು ಬೇರೆ ಕಡೆ ಹೋಗುತ್ತಾರೆ, ಕ್ಯಾಮೆರಾದಲ್ಲಿರೋದು ಅಳಿಸಿ ಹೋಗುತ್ತೆ. ದೂರು ಕೊಟ್ಟ ಮೇಲೆ ಅವನ ಎದುರು ಕೆಲಸ ಮಾಡಲು ಆಗಲ್ಲ ಅಂದರೆ ಮೂರು ತಿಂಗಳವರೆಗೆ ರಜೆ ಕೇಳಬಹುದು. ವಿಚಾರಣೆ 90 ದಿನದಲ್ಲಿ ಮುಗಿಸಬೇಕು.

ಸೌಟು ಎಸೆದಿದ್ದಕ್ಕೆ ಪೊಲೀಸ್ ದೂರನ್ನೂ ಕೊಡಬಹುದು. ಗಂಡುಹುಡುಗರಿಗೆ ಈ ಸಮಿತಿ ಇಲ್ಲ, ಹೊಡೆದರೆ ಅವರಿಗೂ ಸ್ಟೇಷನ್ ದಾರಿ ಇದೆ. ಆ ಹಾಸನದ ಹುಡುಗನಿಗೆ ಇಷ್ಟನ್ನಾದರೂ ನಾನು ಹೇಳಬೇಕಿತ್ತು.

ಕಾವ್ಯಾ, ಕೈ ಮೇಲಿನ ಸುಟ್ಟ ಗಾಯ ಇವತ್ತೇ ಡಾಕ್ಟರಿಗೆ ತೋರಿಸಿ ಚೀಟಿ ಇಟ್ಟುಕೋ, ಫೋಟೋ ತೆಗಿ. ಯಾವ ದಿನ, ಎಷ್ಟು ಗಂಟೆ, ಯಾರು ಪಕ್ಕದಲ್ಲಿದ್ದರು, ಬರೆದಿಡು. ದೂರಿನ ಆರು ಪ್ರತಿ ಬೇಕು, ಜೆರಾಕ್ಸ್ ನಾನು ಮಾಡಿಸುತ್ತೇನೆ. ಮಂಗಳವಾರ ನಿನಗೆ ವಾರದ ರಜೆ ಅಲ್ವಾ? ಬೆಳಗ್ಗೆ ಒಂಬತ್ತಕ್ಕೆ ನಿನ್ನ ಪಿ.ಜಿ. ಹತ್ತಿರ ಇರುತ್ತೇನೆ. ತಿಂಡಿ ತರುತ್ತೇನೆ, ಕೂತು ಬರೆಯೋಣ.