ಅಪ್‌ಡೇಟ್: ಹಿಮದ ಚಾರಣದಲ್ಲಿ ನೀರು ಗಡ್ಡೆಕಟ್ಟೋ ಸಮಸ್ಯೆ

ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿ ಕಟ್ಟೋ ಅಗಲದ ಚೌಕಟ್ಟು) ಹಾಕಿಕೊಂಡು ಬೆಟ್ಟ ಹತ್ತುವಾಗ ಕುಡಿಯೋ ನೀರು ಗಡ್ಡೆಕಟ್ಟುತ್ತೆ, ಏನು ಮಾಡೋದು ಅಂತ ಕೇಳಿದ್ದೆ. ಕಳೆದ ಶನಿವಾರ ಬಾಸ್ಟನ್‌ನಿಂದ ನಾವು ನಾಲ್ವರು ಗೆಳೆಯರು ಹೋಗಿ, ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ಪಿಯರ್ಸ್, ಐಸೆನ್‌ಹೋವರ್ ಎರಡನ್ನೂ ಹತ್ತಿ ಬಂದೆವು.

ಬೆನ್ನಿಗೆ ಹಾಕಿಕೊಂಡು ಪೈಪಿನಿಂದ ಹೀರೋ ನೀರಿನ ಚೀಲ ಇರುತ್ತಲ್ಲ, ಅದರ ಪೈಪಿಗೆ ಕವರ್ ಹಾಕಿ ಅನ್ನೋ ಸಲಹೆ ಕೈಕೊಟ್ಟಿತು. ಗಂಟೆಯೊಳಗೆ ತುದಿ ಕಲ್ಲಾಯಿತು. ಕೆಲಸ ಮಾಡಿದ್ದು, ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಕಾಲುಚೀಲದೊಳಗೆ ತಲೆಕೆಳಗಾಗಿ ಇಡಿ ಅಂದವರ ಮಾತು. ಮಂಜುಗಡ್ಡೆ ಮೊದಲು ಮೇಲೇ ಕಟ್ಟುತ್ತೆ ಅಲ್ವಾ? ತಲೆಕೆಳಗಿದ್ದರೆ ಮುಚ್ಚಳದ ಹತ್ತಿರ ನೀರೇ ಉಳಿಯುತ್ತೆ. ಮುಚ್ಚಳ ಮಾತ್ರ ಬಿಗಿಯಾಗಿರಲಿ.

ಇನ್ನೊಂದು ವಿಷಯ. ಸ್ನೋಶೂ ಹಿಮ್ಮಡಿಯ ಕೆಳಗೆ ಒಂದು ಕಂಬಿ ಇತ್ತು. ಕಡಿದಾದ ಏರಿನಲ್ಲಿ ಅದನ್ನು ಎತ್ತಿ ನಿಲ್ಲಿಸಿದರೆ ಮೀನಖಂಡ ಅಷ್ಟು ನೋಯಲ್ಲ. ಅರ್ಧ ದಾರಿವರೆಗೆ ನಾನು ಅದನ್ನು ಸುಮ್ನೆ ನೇತುಹಾಕೋ ಕೊಂಡಿ ಅಂದುಕೊಂಡಿದ್ದೆ! ಊಟಕ್ಕೆ ಒಯ್ದ ಚಪಾತಿ ರೋಲ್ ಚಳಿಗೆ ಗಟ್ಟಿಯಾಗಿ ಹಪ್ಪಳದ ಹಾಗೆ ಮುರಿಯಿತು. ಮುಂದಿನ ಸಲ ಅದು ಜಾಕೆಟ್ ಒಳಗೆ.