ಅಪ್‌ಡೇಟ್: ನಾಲಿಗೆಯ ಹುಣ್ಣು ಕ್ಯಾನ್ಸರ್ ಅಲ್ಲ

ನಾಲಿಗೆಯ ಎಡಬದಿಯಲ್ಲಿ ಐದು ವಾರದಿಂದ ಒಂದು ಹುಣ್ಣಿದೆ, ಅಂಚು ಗಟ್ಟಿಯಾಗಿದೆ, ಜೆಲ್, ವಿಟಮಿನ್ ಯಾವುದಕ್ಕೂ ಬಗ್ಗುತ್ತಿಲ್ಲ, ಏನಿರಬಹುದು ಅಂತ ಕೇಳಿದ್ದೆನಲ್ಲ? ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ!

ಇದರ ಹೆಸರು ಇಯೊಸಿನೋಫಿಲಿಕ್ ಅಲ್ಸರ್. ಅಪರೂಪದ್ದು, ಆದರೆ ಅಪಾಯದ್ದಲ್ಲ. ತೊಂದರೆ ಏನೆಂದರೆ ನೋಡೋಕೆ, ಮುಟ್ಟೋಕೆ ಥೇಟ್ ಕ್ಯಾನ್ಸರ್ ಹುಣ್ಣಿನ ಹಾಗೇ ಇರುತ್ತದೆ. ಮೊದಲು ನೋಡಿದ ಡಾಕ್ಟರು ಮಾಮೂಲಿ ಬಾಯಿಹುಣ್ಣು ಎಂದು ಕಳಿಸಿದ್ದರು. ಮಾಮೂಲಿ ಸಣ್ಣ ಹುಣ್ಣು ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ, ಐದು ವಾರ ಕೂರುವುದಿಲ್ಲ ಅಲ್ವಾ? ಈಗಲೂ ಸ್ವಲ್ಪ ಸಿಟ್ಟಿದೆ.

ಎರಡನೇ ಡಾಕ್ಟರು ಲೈಂಗಿಕ ಸೋಂಕಾದ ಸಿಫಿಲಿಸ್‌ಗೆ ರಕ್ತ ಪರೀಕ್ಷೆ ಮಾಡಿಸಿ, ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ತುಂಡು ತೀರಾ ಮೇಲುಮೇಲಿನದಾಗಿದ್ದರೆ ಪ್ರಯೋಜನ ಇಲ್ಲವಂತೆ, ಯಾಕೆಂದರೆ ಇದರಲ್ಲಿ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಆಳದಲ್ಲಿ, ಸ್ನಾಯುವಿನ ಎಳೆಗಳ ನಡುವೆಯೂ ತುಂಬಿಕೊಂಡಿರುತ್ತವೆ. ಕ್ಷಯ, ಲಿಂಫೋಮಾ (ಇನ್ನೊಂದು ಬಗೆಯ ಕ್ಯಾನ್ಸರ್) ಕೂಡ ಇಲ್ಲವೆಂದು ಅದೇ ತುಂಡಿನಲ್ಲಿ ನೋಡಿದರು.

ಕಾರಣ? ಬಹುಶಃ ನನ್ನದೇ ಒಂದು ಮುರಿದ ಹಲ್ಲು. ಅದರ ಚೂಪು ಉಜ್ಜಿಸಿದೆ. ತಮಾಷೆಯೆಂದರೆ ಬಯಾಪ್ಸಿ ಆದಮೇಲೆ ಹುಣ್ಣು ತಾನಾಗೇ ಮುಚ್ಚಿಕೊಳ್ಳುತ್ತಿದೆ, ಇದರಲ್ಲಿ ಹಾಗಾಗುವುದು ಇದೆಯಂತೆ. ಮರುಕಳಿಸುವ ಸಾಧ್ಯತೆ ಕಡಿಮೆ, ಆದರೂ ಪೂರ್ತಿ ಮಾಯುವವರೆಗೆ ತೋರಿಸುತ್ತಿರಬೇಕು.

"ಸುಮ್ನೆ ಕೂರಬೇಡ, ಬಯಾಪ್ಸಿ ಮಾಡಿಸು" ಎಂದು ಬೈದವರಿಗೆ ಥ್ಯಾಂಕ್ಸ್. ಖಾರ ಮಾತ್ರ ಇನ್ನೂ ಮುಟ್ಟೋಕೆ ಆಗುತ್ತಿಲ್ಲ.