ರವಿವಾರದ ಟ್ರಿಪ್ ಬಸ್ಸು: ಗ್ರಾಮಸಭೆಗೆ ಅರ್ಜಿ ಏನಂತ ಬರೀಬೇಕು? (ಗೋವಾದಾಗಿನ ನಮ್ಮ ಕನ್ನಡ ಗುಂಪಿನ ಮಾತುಕತಿ)

ಕಿರಾಣಿ ಅಂಗಡಿ (ಅಡ್ಮಿನ್), ಸೋಮವಾರ ಮುಂಜಾನೆ 7.10
ಎಲ್ಲಾರಿಗೂ ನಮಸ್ಕಾರ್ರಿ. ನಿನ್ನೆ ನಮ್ಮ ಓಣ್ಯಾಗ ಎಂಟು ಟ್ರಿಪ್ ಬಸ್ ನಿಂತಿದ್ವು, ನಾನೇ ಎಣಿಸೀನಿ. ಐದು ಕೆಎ ಪಾಸಿಂಗ್, ಮೂರು ಎಂಎಚ್. ನಸುಕಿನ್ಯಾಗ ನಾಕೂವರಿಗೆ ಬಂದು, ಹೆಂಗಸರು ಮಕ್ಕಳೆಲ್ಲ ಇಳದು ಬಾವಿ ಹಿಂದಿನ ಗ್ವಾಡಿ ಕಡೆ ಹೋದ್ರು. ಆರಕ್ಕ ನನ್ನ ಶಟರ್ ಮುಂದ ಒಲಿ ಹಚ್ಚಿ ಉಪ್ಪಿಟ್ಟು. ಮಧ್ಯಾಹ್ನ ಅಲ್ಲೇ ಕೋಳಿ ಸಾರು, ಅನ್ನ. ಸಂಜಿಗೆ ಬಸ್ ಹೋದ ಮ್ಯಾಲೆ ಉಳದದ್ದು ಪತ್ರಾವಳಿ, ಪುಕ್ಕ, ಬಾಟಲಿ ಚೂರು. ನಮ್ಮ ಸಣ್ಣ ಹುಡುಗನ ಕಾಲಿಗೆ ಚುಚ್ಚಿ ಎರಡು ಹೊಲಿಗಿ ಬಿದ್ದಾವ. ಬರೋ ರವಿವಾರ ಗ್ರಾಮಸಭೆ ಐತಿ. ಅರ್ಜಿ ಏನಂತ ಕೊಡೋಣ ಹೇಳ್ರಿ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಇವತ್ತು ಯಾರೂ ಹಾಕಬ್ಯಾಡ್ರಿ.

2ನೇ ಮಹಡಿ ಮೇಡಂ, 7.42
ಹುಡುಗನ ಕಾಲು ಈಗ ಹೇಗಿದೆ? ರಾತ್ರಿಯೇ ಒಂದು ಕರಡು ಬರೆದಿಟ್ಟಿದ್ದೆ: 'ಹೋಟೆಲ್ ಬುಕಿಂಗ್ ಇಲ್ಲದ ಟೂರಿಸ್ಟ್ ಬಸ್ಸುಗಳನ್ನು ಊರೊಳಗೆ ಬಿಡಬಾರದು. ಗೋವಾಕ್ಕೆ ಬೇಕಾಗಿರುವುದು ಗುಣಮಟ್ಟದ ಪ್ರವಾಸಿಗರು.' ಇದು ನನ್ನ ತಲೆಯಿಂದ ಬಂದ ಮಾತಲ್ಲ. ಇಲ್ಲೇ ಗೋವಾದ ಕಲಂಗುಟ್ ಪಂಚಾಯಿತಿ 2024ರಲ್ಲೇ ಪ್ರವಾಸಿಗರಿಂದ ಪ್ರವೇಶ ತೆರಿಗೆ ತೆಗೆದುಕೊಳ್ಳಬೇಕು ಅಂತ ಠರಾವು ಮಾಡಿತ್ತು. ಅಲ್ಲೂ ಇದೇ ಬೀದಿ ಅಡುಗೆ, ಇದೇ ಕಸ. ಭೂತಾನ್ ನೋಡಿ, ಹೊರದೇಶದವರು ಒಂದು ರಾತ್ರಿಗೆ 100 ಡಾಲರ್ ಕಟ್ಟಬೇಕು. 2022ರಲ್ಲಿ 200 ಇತ್ತು, ಮರುವರ್ಷ ಅರ್ಧ ಮಾಡಿದರು.

ಟ್ಯಾಕ್ಸಿ ಹುಬ್ಬಳ್ಳಿ, 7.50
ಮೇಡಂ, ಅರ್ಧ ಯಾಕ ಮಾಡಿದ್ರು ಅದನ್ನೂ ಹೇಳ್ರಲಾ. ಅವರಿಗೂ ಕೆಲಸ ಬೇಕು, ಡಾಲರ್ ಬೇಕು. ಮತ್ತ ಆ ರೇಟು ನಮಗಲ್ಲ. ಇಂಡಿಯಾದವರಿಗೆ ಭೂತಾನಿನ್ಯಾಗ ರಾತ್ರಿಗೆ 1,200 ರೂಪಾಯಿ ಅಷ್ಟ. ಬಾಜೂ ಮನಿಯವರಿಗೆ ಅವರೂ ಬ್ಯಾರೆ ಲೆಕ್ಕ ಇಟ್ಟಾರ.

ಎಳನೀರು ಕಾಕಾ, 8.05
(ಅಪ್ಪ ವಾಯ್ಸ್ ಹಾಕ್ಯಾರ, ಗದ್ದಲದಾಗ ಕೇಳಸೂದಿಲ್ಲ, ನಾ ಟೈಪ್ ಮಾಡೀನಿ.)
ಹದಿನಾರು ವರ್ಷ ಆತು ಬೀಚ್ ಹಾದ್ಯಾಗ ಮಾರಾಕತ್ತು. ದೊಡ್ಡ ಹೋಟೆಲ್ಲಿನ ಗಿರಾಕಿ ಕಾರಿನ ಗ್ಲಾಸ್ ಇಳಿಸಿದ್ದು ನಾ ನೋಡಿಲ್ಲ. ಅವರ ಎಳನೀರು ಹೋಟೆಲ್ಲಿನೊಳಗ, ರೇಟು ನಾಕು ಪಟ್ಟು, ಕಾಯಿ ಹಾಕಾಂವ ಯಾವನೋ ಕಾಂಟ್ರ್ಯಾಕ್ಟರ್. ನನ್ನ ಕಾಯಿ ಕುಡ್ಯೋರು ಆ ಬಸ್ಸಿನ ಮಂದಿ. ಚೌಕಾಶಿ ಮಾಡ್ತಾರ, ಒಂದು ಕಾಯಿಗೆ ಮೂರು ಸ್ಟ್ರಾ ಕೇಳ್ತಾರ, ಖರೆ. ಆದ್ರ ಕುಡೀತಾರ. ಬಸ್ ಬಂದ್ ಮಾಡಿಸಿದ್ರ ನನ್ನ ರವಿವಾರ ಬಂದ್. ನನ್ನ ಖೋಲಿ ಬಾಡಿಗಿ ನಿಂತದ್ದೇ ರವಿವಾರದ ಮ್ಯಾಲೆ.

2ನೇ ಮಹಡಿ ಮೇಡಂ, 8.11
ಕಾಕಾ, ನಿಮ್ಮ ವ್ಯಾಪಾರ ಕೆಡಿಸಬೇಕು ಅಂತ ನನಗೇನಿಲ್ಲ. ಒಂದು ಭಾನುವಾರ ಬೆಳಗ್ಗೆ ಐದಕ್ಕೆ ನನ್ನ ಕಿಟಕಿ ಹತ್ತಿರ ಬಂದು ನಿಂತು ನೋಡಿ, ಅಷ್ಟೇ.

ಉಡುಪಿ ಹೋಟೆಲ್, 10.30
ಬೆಳಗ್ಗೆಯ ರಶ್ ಈಗ ಮುಗಿಯಿತು ಮಾರಾಯ್ರೆ. ನನ್ನದೂ ಕೇಳಿ. ಬಸ್ಸಿನವರು ನನ್ನಲ್ಲಿ ಊಟ ಮಾಡುವುದಿಲ್ಲ. ನಲವತ್ತು ಜನ ಬಂದು ಕುಡಿಯುವ ನೀರು ಕೇಳ್ತಾರೆ, ಟಾಯ್ಲೆಟ್ ಎಲ್ಲಿ ಕೇಳ್ತಾರೆ. ದೊಡ್ಡ ಹೋಟೆಲಿನವರೂ ಊಟ ಮಾಡುವುದಿಲ್ಲ, ಅವರ ತಿಂಡಿ ರೂಮಿನ ಬಾಡಿಗೆಯಲ್ಲೇ ಸೇರಿದೆ. ನನಗೆ ಬರುವುದು ನಡುವಿನವರು, ಸ್ಕೂಟರ್ ಬಾಡಿಗೆಗೆ ತಗೊಂಡು ತಿರುಗುವ ಮಕ್ಕಳು. ಅವರ ಸುದ್ದಿ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಹೊಸಪೇಟೆ ಹುಡುಗ, 11.15
ನಮ್ ಹಂಪಿ ಕಡೆ ಹಿಂಗ ಇತ್ತು. ಹೊಳಿ ಆಚೆ ವಿರೂಪಾಪುರ ಗಡ್ಡೀಲಿ ನಮ್ಮಣ್ಣ ಗೆಸ್ಟ್‌ಹೌಸಿನಾಗ ಅಡಿಗಿ ಮಾಡ್ತಿದ್ದ. ಬೆನ್ನಿಗೆ ಚೀಲ ಹಾಕ್ಕೊಂಡ ಫಾರಿನ್ನರು ಬಂದ್ರ ತಿಂಗಳಗಟ್ಲೆ ಇರೋರು. ತೆಪ್ಪದಾಂವಗೂ ದುಡ್ಡು, ಚಾ ಅಂಗಡ್ಯಾಂವಗೂ ದುಡ್ಡು. ಎಸಿ ಕಾರಿನೋರು ಮುಂಜಾನೆ ಬಂದು ಕಲ್ಲಿನ ರಥದ ಫೋಟೋ ಹೊಡಕೊಂಡು ಸಂಜಿಗೆ ಹೊಸಪೇಟಿ ಲಾಡ್ಜಿಗೆ. 2020ರಾಗ ಸುಪ್ರೀಂ ಕೋರ್ಟ್ ಅಕ್ರಮ ಕಟ್ಟಡ ಅಂದಿದ್ದಕ್ಕ ಗಡ್ಡಿ ಪೂರಾ ಒಡದ್ರು. ಕಾನೂನು ಪ್ರಕಾರ ಸರಿ ಇರಬೋದು. ಅಣ್ಣ ಮಾತ್ರ ಈಗ ಇಲ್ಲೇ ನನ್ನ ರೂಮಿನಾಗ ಅದಾನ.

ಬೈಕ್ ರೆಂಟ್, 11.20
ಈ ಸಂದೇಶವನ್ನು ಅಳಿಸಲಾಗಿದೆ

ಗೌಂಡಿ ಮಾಮಾ, 11.24
ತಮ್ಮಾ, ಅಳಿಸಿದ್ರೂ ನಾ ಓದೀನಿ. ಬಸ್ಸಿನವರಿಗೆ 'ಘಾಂಟಿ' ಅಂದಿ. ಆ ಶಬ್ದ ನಿಮ್ಮಪ್ಪಗೂ ಅಂದಾರ, ನನಗೂ ಅಂದಾರ. ಘಟ್ಟ ಇಳದು ಬಂದವರು ಅಂತ. ನಾನು ಬುನಾದಿಯಿಂದ ಕಟ್ಟಿದ ಹೋಟೆಲ್ಲಿನ ಗೇಟಿನ್ಯಾಗ ಈಗ ನನ್ನ ಒಳಗ ಬಿಡೂದಿಲ್ಲ. ನೀ ಕನ್ನಡ ಗುಂಪಿನ್ಯಾಗ ಕುಂತು ನಮ್ಮೂರ ಮಂದಿಗೇ ಆ ಶಬ್ದ ಬಳಸ್ತಿ?

ಬೈಕ್ ರೆಂಟ್, 11.31
ತಪ್ಪಾತ್ರಿ ಮಾಮಾ. ಸಿಟ್ಟಿಗೆ ಬಂತು. ನನ್ನ ಎರಡು ಗಾಡಿಗೆ ಬಸ್ ರಿವರ್ಸ್ ಹೊಡದು ಮಿರರ್ ಮುರದು ಹೋಗ್ಯಾರ.

ಹೌಸ್‌ಕೀಪಿಂಗ್ ಅಕ್ಕಾ, ಸಂಜಿ 5.40
ಡ್ಯೂಟಿ ಮುಗಿಸಿ ಈಗ ನೋಡಿದೆ. ಗುಣಮಟ್ಟದವರ ಬಗ್ಗೆ ನನ್ನ ಕೇಳ್ರಿ, ಅವರ ಹಾಸಿಗಿ ದಿನಾ ಝಾಡಿಸೂಕಿ ನಾನು. ಇಬ್ಬರು ಇರೋ ರೂಮಿಗೆ ಆರು ಟವೆಲ್, ಒಮ್ಮೆ ಮಖ ಒರಸಿ ನೆಲಕ್ಕ ಒಗೀತಾರ. ಟಬ್ಬಿಗೆ ನೀರು ತುಂಬಿಸಿ, ಹೂ ಹಾಕಿ, ಫೋಟೋ ತಗದು ಹಂಗೇ ಬಿಟ್ಟು ಹೊರಗ ಹೋಗ್ತಾರ. ತಿಳಾರಿ ಡ್ಯಾಮಿನ ಕಾಲಿವಿ ಒಡದು ನಮ್ಮ ನಳಕ್ಕ ಮೂರು ದಿನ ನೀರು ಬರಲಿಲ್ಲಲ್ಲ, ಆವಾಗ ನಮ್ಮ ಹೋಟೆಲ್ಲಿನ ಈಜೂ ಹೊಂಡ ತುಂಬಿ ತುಳುಕತಿತ್ತು. ಟ್ಯಾಂಕರ್ ಸಾಲಾಗಿ ಬಂದ್ವು. ಆ ನೀರು ಯಾವ ಬಾವಿದು? ಅದೇ ವಾರ ನಮ್ಮ ಓಣಿ ಬಾವಿ ಹಗ್ಗಕ್ಕ ಇನ್ನೊಂದು ಮೊಳ ಯಾಕ ಕಟ್ಟಬೇಕಾತು?
ಅವರ ಕಸ ಕಾಣೂದಿಲ್ಲ. ಕರಿ ಚೀಲದಾಗ ಕಟ್ಟಿ ಹಿಂದಿನ ಗೇಟಿನಿಂದ ನಾವೇ ಹೊರಗ ಹಾಕ್ತೀವಿ, ಲಾರಿ ಒಯ್ತದ. ಬಸ್ಸಿನವರಿಗೆ ಹಿಂದಿನ ಗೇಟ್ ಇಲ್ಲ. ಮತ್ತ ಡಿಸೆಂಬರ್ 31ಕ್ಕ ರೂಮಿನ ರೇಟು ಏರ್ತದ, ನನ್ನ ಪಗಾರ ಏರ್ತದೇನ್ರಿ?

ಕಿರಾಣಿ ಅಂಗಡಿ (ಅಡ್ಮಿನ್), 5.52
ಅಕ್ಕಾರ, ನೀವು ಹೇಳೂದು ಖರೆ. ಆದ್ರ ನನ್ನ ಮಗನ ಕಾಲಿಗೆ ಚುಚ್ಚಿದ್ದು ಟವೆಲ್ ಅಲ್ಲ.

ಹೌಸ್‌ಕೀಪಿಂಗ್ ಅಕ್ಕಾ, 5.55
ಅಲ್ರಿ ಅಣ್ಣಾ. ಬಾಟಲಿ ಒಡದವಗ ದಂಡ ಹಾಕಸ್ರಿ, ಬಸ್ಸಿನ್ಯಾಗ ಬಂದವರಿಗೆಲ್ಲ ಬ್ಯಾಡ. ನಾವೂ ಬಂದದ್ದು ಬಸ್ಸಿನ್ಯಾಗೇ.

2ನೇ ಮಹಡಿ ಮೇಡಂ, ರಾತ್ರಿ 9.05
ಇಡೀ ದಿನ ಓದಿದೆ. ದಂಡದ ವಿಷಯ ಹುಡುಕಿದಾಗ ಗೊತ್ತಾಯಿತು, ಹೊಸ ನಿಯಮವೇ ಬೇಕಿಲ್ಲ. ಗೋವಾದ ಪ್ರವಾಸಿ ಸ್ಥಳಗಳ ಕಾಯ್ದೆಗೆ 2019ರಲ್ಲೇ ತಿದ್ದುಪಡಿ ಆಗಿದೆ. ಬಯಲಲ್ಲಿ ಅಡುಗೆ ಮಾಡಿದರೆ, ಕುಡಿದರೆ ಒಬ್ಬರಿಗೆ 2,000, ಗುಂಪಿಗೆ 10,000 ದಂಡ ಅಂತ ಆಗ ಇಟ್ಟಿದ್ದರು. 2022ರ ಆದೇಶದಲ್ಲಿ 5,000ದಿಂದ 50,000ದವರೆಗೆ ಅಂತ ಇತ್ತು, ಬಾಟಲಿ ಒಡೆಯುವುದೂ ಅದರಲ್ಲಿ ಸೇರಿತ್ತು. ನಮ್ಮ ಓಣಿಯಲ್ಲಿ ದಂಡದ ರಸೀದಿ ಹರಿದದ್ದನ್ನು ಯಾರಾದರೂ ನೋಡಿದ್ದೀರಾ?
ಇಟಲಿಯ ವೆನಿಸ್ 2024ರಿಂದ ಕೆಲವು ದಿನ, ಬಂದು ಅದೇ ದಿನ ಹೋಗುವವರಿಂದ ಶುಲ್ಕ ತೆಗೆದುಕೊಳ್ಳುತ್ತಿದೆ, ಮೊದಲ ವರ್ಷ ಅದು 5 ಯೂರೋ ಇತ್ತು. ರಾತ್ರಿ ಉಳಿಯುವವರಿಗೆ ಅದಿಲ್ಲ, ಅವರು ಹೋಟೆಲಿನಲ್ಲಿ ಬೇರೆ ತೆರಿಗೆ ಕಟ್ಟುತ್ತಾರೆ. ಅದು ನನಗೆ ಸರಿ ಕಾಣಿಸುತ್ತೆ. ಜೇಬು ನೋಡುವುದಿಲ್ಲ. ಬಸ್ಸಿಗೆ ಒಂದು ಪಾರ್ಕಿಂಗ್ ಶುಲ್ಕ ಇರಲಿ, ಆ ದುಡ್ಡಲ್ಲಿ ಕಸ ಎತ್ತಿಸಲಿ. 'ಗುಣಮಟ್ಟದ' ಅನ್ನುವ ಸಾಲು ತೆಗೆದಿದ್ದೇನೆ. ಹೋಟೆಲ್ ಬುಕಿಂಗ್ ಸಾಲು ತೆಗೆಯಲು ಮನಸ್ಸಿಲ್ಲ, ಆದರೂ ತೆಗೆದಿದ್ದೇನೆ.

ಟ್ಯಾಕ್ಸಿ ಹುಬ್ಬಳ್ಳಿ, 9.12
ಮುಖ್ಯ ಮಾತು ಬಿಟ್ರಿ. ಮೈದಾನದ ಬಾಜೂ ಸಂಡಾಸಿನ ಬೀಗ ತಗಿಯೂದು ಒಂಬತ್ತಕ್ಕ. ಬಸ್ ಬರೂದು ನಾಕೂವರಿಗೆ. ರಾತ್ರಿಯೆಲ್ಲ ಕುಂತು ಬಂದ ಹೆಣ್ಣಮಗಳು ಎಲ್ಲಿ ಹೋಗಬೇಕು? ಬಾವಿ ಹಿಂದಿನ ಹೊಲಸಿಗೆ ಅರ್ಧ ಕಾರಣ ಆ ಬೀಗ.

ಉಡುಪಿ ಹೋಟೆಲ್, 9.20
ಸರಿ ಹೇಳಿದ್ರಿ. ಇದನ್ನೇ ಮೊದಲು ಹಾಕಿ.

ಕಿರಾಣಿ ಅಂಗಡಿ (ಅಡ್ಮಿನ್), 9.48
ಹಂಗಾದ್ರ ಹಿಂಗ ಬರೀತೀನಿ: ಬಸ್ ಓಣ್ಯಾಗ ಬ್ಯಾಡ, ಮೈದಾನದಾಗ ದುಡ್ಡು ಕಟ್ಟಿ ನಿಲ್ಲಲಿ. ಸಂಡಾಸ ನಾಕಕ್ಕ ತಗೀಲಿ. ರವಿವಾರ ದಂಡ ಹಾಕೋ ಮನುಷ್ಯಾ ಒಬ್ಬ ಅಲ್ಲೇ ಇರಲಿ. ಟ್ಯಾಂಕರ್ ಬಾವಿ ನೀರೆತ್ತೂದೂ ಇದರಾಗ ಬರಲಿ ಅಂತ ಅಕ್ಕಾರ ಫೋನ್ ಮಾಡಿದ್ರು, ಬರೀತೀನಿ. ಕೊಂಕಣಿಗೆ ನಮ್ಮ ಮಾಲಕಿ ಆಂಟಿ ಮಾಡಿಕೊಡ್ತಾರ. ಆಂಟಿ ಏನಂದ್ರು ಗೊತ್ತೈತೇನು? ಅವರು ಸಣ್ಣಾಕಿ ಇದ್ದಾಗ ಹಿಪ್ಪಿಗಳಿಗೆ ಖೋಲಿ ಬಾಡಿಗಿ ಕೊಟ್ಟ ರೊಕ್ಕದಾಗ ಮನಿಗೆ ಹೊಸಾ ಹಂಚು ಹೊದಿಸಿದ್ರಂತ.
ಈಗ ತ್ರಾಸಿನ ಮಾತು. ಗ್ರಾಮಸಭ್ಯಾಗ ಮಾತಾಡಬೇಕಂದ್ರ ಇಲ್ಲಿ ಓಟರ್ ಲಿಸ್ಟಿನ್ಯಾಗ ಹೆಸರು ಇರಬೇಕು. ಯಾರ್ಯಾರದು ಐತಿ ಕೈ ಎತ್ರಿ.

ಗೌಂಡಿ ಮಾಮಾ, 9.50
ನನ್ನದೈತಿ.

ಉಡುಪಿ ಹೋಟೆಲ್, 9.51
ನನ್ನದು, ಹೆಂಡತಿಯದು.

ಎಳನೀರು ಕಾಕಾ, 9.53
ಅಪ್ಪಂದು ಇನ್ನೂ ಸಿಂದಗಿ ಕಡೇನೇ ಐತ್ರಿ.

2ನೇ ಮಹಡಿ ಮೇಡಂ, 9.55
ನನ್ನದು ಮೈಸೂರು. ಬರೆದವಳೇ ಹೊರಗೆ ನಿಂತು ಕೇಳಬೇಕು ಅನ್ನಿ!

ಗೌಂಡಿ ಮಾಮಾ, 9.58
ನಾ ಮಾತಾಡ್ತೀನಿ. ಕಾಗದ ದೊಡ್ಡ ಅಕ್ಷರದಾಗ ಪ್ರಿಂಟ್ ಮಾಡಸ್ರಿ, ಚಷ್ಮಾ ಒಡದೈತಿ.

ಬೈಕ್ ರೆಂಟ್, 10.20
ಅಡ್ಮಿನ್ ಅಣ್ಣಾ, ಒಂದು ಮಾತು. ಈಗ ಊರಿಂದ ಫೋನ್ ಬಂದಿತ್ತು. ಬರೋ ರವಿವಾರ ನಮ್ಮೂರ ಬಸ್ ಬರಾಕತ್ತೈತಂತ. ನಮ್ಮ ಮಾಂವನ ಮಗಾನೂ ಅದರಾಗ ಅದಾನ. ಎಲ್ಲಿ ನಿಲ್ಲಸಂತ ಹೇಳ್ಲಿ?

ಕಿರಾಣಿ ಅಂಗಡಿ (ಅಡ್ಮಿನ್), 10.24
ಮೈದಾನದಾಗ. ಸಿಲಿಂಡರ್ ತರಬ್ಯಾಡಂತ ಹೇಳು, ಅನ್ನ ನಮ್ಮ ಮನ್ಯಾಗ ಮಾಡೋಣ. ಎಷ್ಟು ಮಂದಿ?

ಬೈಕ್ ರೆಂಟ್, 10.25
ನಲವತ್ತೆರಡು.